ಹಿಮ್ಮಡಿಯ ಓಟಕ್ಕೆ ಗುರು ಯಾರು?

ಮಡಂತ್ಯಾರು: ಕಂಬಳದ ಕಾಲ ಬಂತೆಂದರೆ ಈ ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಬೇರೆ ರಾಜಕೀಯ ನಡೆಯುವುದಿಲ್ಲ. ಗುರುವಾಯನಕೆರೆಗೆ ಹೋಗಿ ತಿರುಗಿದರೆ ವೇಣೂರಿನ ಸೂರ್ಯ-ಚಂದ್ರ ಜೋಡುಕರೆ. ಬಂಟ್ವಾಳದ ಕಡೆ ಹೋದರೆ ಕಕ್ಯಪದವಿನ ಸತ್ಯ-ಧರ್ಮ, ಹೊಕ್ಕಾಡಿಗೋಳಿಯ ವೀರ-ವಿಕ್ರಮ. ಇನ್ನೂ ಆಚೆ ಮೂಡಬಿದ್ರೆಯ ಕೋಟಿ-ಚೆನ್ನಯ. ಮೂರು ತಾಲೂಕಿನ ಕರೆಗಳ ನಡುವೆ ಸಿಕ್ಕಿಬಿದ್ದ ಪೇಟೆ ಇದು. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವವರ ಕಣ್ಣಲ್ಲಿ ನಿದ್ದೆ ಇದ್ದರೆ ಕಾರಣ ಕೇಳಬೇಕಾಗಿಲ್ಲ. ಫೈನಲ್ ನೋಡದೆ ಮನೆಗೆ ಬರುವುದುಂಟೇ?

ಚರ್ಚೆ ಮೊದಲು ಕೋಣಗಳ ಮೇಲೆ. ಆಮೇಲೆ ಯಜಮಾನರ ಮೇಲೆ. ಕೊನೆಗೆ, ಬಸ್ಸು ಬರುವ ಹೊತ್ತಿಗೆ, ಓಡಿಸಿದವನ ಮೇಲೆ. ಪೇಪರಿನ ಫಲಿತಾಂಶದಲ್ಲೂ ಇದೇ ಕ್ರಮ. ಯಜಮಾನರ ಊರು, ಮನೆತನ, ಹೆಸರು ಎಲ್ಲ ಮುಗಿದ ಮೇಲೆ ಅದರ ಕೆಳಗೆ "ಓಡಿಸಿದವರು" ಎಂದು ಒಂದು ಗೆರೆ. ಆ ಒಂದು ಗೆರೆಯಲ್ಲಿರುವ ಮನುಷ್ಯನ ವಿಷಯ ಇವತ್ತಿನದು.

2020ರ ಫೆಬ್ರವರಿ 1ರಂದು ಕಿನ್ನಿಗೋಳಿ ಬಳಿಯ ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಆ ಗೆರೆ ಇದ್ದಕ್ಕಿದ್ದಂತೆ ಮೇಲಕ್ಕೆ ಬಂತು. ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ, ಆಗ 28 ವರ್ಷ, ಕಂಬಳ ಇಲ್ಲದ ದಿನಗಳಲ್ಲಿ ಕಟ್ಟಡ ಕೆಲಸ. 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ದಾಟಿದರು. ಯಾರೋ ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಬಂತು. 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಮಾಡಿದ ವಿಶ್ವದಾಖಲೆ 9.58. ಅಷ್ಟೇ ಸಾಕಾಯಿತು. ದೇಶಕ್ಕೆ ದೇಶವೇ ಮಿಜಾರು ಎಲ್ಲಿದೆ ಅಂತ ಹುಡುಕಿತು!

ಹದಿನೈದೇ ದಿನ. ಫೆಬ್ರವರಿ 16ಕ್ಕೆ ನಮ್ಮ ವೇಣೂರಿನ ಕರೆಯಲ್ಲಿ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಭಾಗಿಸಿದರೆ 9.51. ಅಂದರೆ "ಇಂಡಿಯಾದ ಬೋಲ್ಟ್" ಒಬ್ಬನೇ ಅಲ್ಲ, ಪಕ್ಕದ ಊರಿನಲ್ಲಿ ಇನ್ನೊಬ್ಬ ಇದ್ದ. ಇಬ್ಬರಿಗೂ ಸ್ಪೈಕ್ಸ್ ಇಲ್ಲ, ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಕಾಲಿಗೆ ಚಪ್ಪಲಿಯೂ ಇಲ್ಲ.

ಓಡಿದ್ದು ಆಳಾ, ಕೋಣವಾ?

ಬಸ್ ಸ್ಟ್ಯಾಂಡಿನ ದೊಡ್ಡ ತಕರಾರು ಇದೇ. "ಎಂತ ಮಾರಾಯ್ರೆ, ಕೋಣ ಎಳೀತದೆ, ಇವ ಹಿಂದಿನಿಂದ ಹೋಗ್ತಾನೆ, ಅಷ್ಟೇ ಅಲ್ವಾ" ಎನ್ನುವ ಪಕ್ಷ ಒಂದು. "ಹಾಗಾದ್ರೆ ನೀವೊಮ್ಮೆ ಹಗ್ಗ ಹಿಡಿದು ನೋಡಿ" ಎನ್ನುವ ಪಕ್ಷ ಇನ್ನೊಂದು. ಎರಡರಲ್ಲೂ ಸತ್ಯ ಇದೆ.

ಬೋಲ್ಟ್‌ನ 9.58 ಅನ್ನುವುದು ನಿಂತಲ್ಲಿಂದ ಹೊರಟ ಓಟ. ಪಿಸ್ತೂಲಿನ ಶಬ್ದ ಕೇಳಿ ಮೈ ಎಬ್ಬಿಸುವುದಕ್ಕೇ ಸೆಕೆಂಡಿನ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ವೇಗ ಹತ್ತುವ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ. ಓಟ ಉದ್ದವಾದಷ್ಟೂ ಈ ಆರಂಭದ ನಷ್ಟ ಹಂಚಿ ಹೋಗುತ್ತದೆ. ಆದ್ದರಿಂದ 142 ಮೀಟರಿನ ಓಟವನ್ನು ಭಾಗಿಸಿ ನೂರರ ಓಟದ ಪಕ್ಕ ಇಡುವುದು ಸರಿಯಾದ ತಕ್ಕಡಿ ಅಲ್ಲ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಿಯಾದ ತಕ್ಕಡಿ ಬೇರೊಂದು ಇದೆ. 2009ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪೇಟೆ ರಸ್ತೆಯ ಮೇಲೆಯೇ ನೇರ ಟ್ರ್ಯಾಕ್ ಹಾಸಿ ಬೋಲ್ಟ್‌ನನ್ನು 150 ಮೀಟರ್ ಓಡಿಸಿದ್ದರು. 14.35 ಸೆಕೆಂಡು. ಸೆಕೆಂಡಿಗೆ ಸುಮಾರು 10.45 ಮೀಟರ್. ಐಕಳದ ಓಟದ ಲೆಕ್ಕ ಸೆಕೆಂಡಿಗೆ 10.46 ಮೀಟರ್! ಕೂದಲೆಳೆಯ ವ್ಯತ್ಯಾಸ. ಆದರೆ ಬೋಲ್ಟ್‌ನ ಮುಂದೆ ಎಳೆಯಲು ಯಾರೂ ಇರಲಿಲ್ಲ. ಗೌಡರ ಮುಂದೆ ಒಂದು ಜೊತೆ ಕೋಣ ಇದ್ದವು. ಹಾಗೆಯೇ ಬೋಲ್ಟ್‌ನ ಕಾಲಡಿಯಲ್ಲಿ ಕೆಸರು ಇರಲಿಲ್ಲ. ಎರಡನ್ನೂ ಕೂಡಿಸಿ ಕಳೆದು ಎಷ್ಟು ಉಳಿಯಿತು ಎಂದು ಹೇಳುವ ಯಂತ್ರ ಇನ್ನೂ ಬಂದಿಲ್ಲ. ಕೋಣ ಎಳೆದದ್ದು ಎಷ್ಟು, ಕಾಲು ಓಡಿದ್ದು ಎಷ್ಟು ಎಂಬುದು ಮಂಜೊಟ್ಟಿಯ ಲೇಸರಿಗೆ ಕಾಣುವುದಿಲ್ಲ.

ಕೋಣ ಎಳೆಯುವುದು ಉಪಕಾರವೇ ಸರಿ. ಆದರೆ ಅದು ಸುಲಭದ ಉಪಕಾರವಲ್ಲ. ಒಂದು ಕೈಯಲ್ಲಿ ನೊಗಕ್ಕೆ ಕಟ್ಟಿದ ಹಗ್ಗ, ಇನ್ನೊಂದರಲ್ಲಿ ಬೆತ್ತ. ಓಟದ ಮೇಷ್ಟ್ರುಗಳು ಹೇಳಿಕೊಡುವುದು ಎರಡು ಕೈಯನ್ನೂ ಬೀಸಿ ಓಡು ಎಂದು. ಇಲ್ಲಿ ಬೀಸುವುದಕ್ಕೆ ಕೈಯೇ ಇಲ್ಲ. ಮುಂದೆ ಬಾಗು ಎನ್ನುತ್ತಾರೆ. ಇಲ್ಲಿ ಬಾಗಿದರೆ ಮುಖ ಕೆಸರಿಗೆ. ಕೋಣದ ಎಳೆತಕ್ಕೆ ಎದುರಾಗಿ ಮೈ ಸ್ವಲ್ಪ ಹಿಂದಕ್ಕೆ ವಾಲಬೇಕು. ಮುಂಗಾಲಲ್ಲಿ ಓಡು ಎನ್ನುತ್ತಾರೆ. ಕೆಸರಿನಲ್ಲಿ ಮುಂಗಾಲು ಊರಿದರೆ ಜಾರುತ್ತದೆ, ಇಲ್ಲವೇ ಹೂತು ಹೋಗುತ್ತದೆ. ಹಿಮ್ಮಡಿಯನ್ನು ಇಟ್ಟು ಕೆಸರು ಹಿಡಿಯುವ ಮೊದಲೇ ಕಿತ್ತು ತೆಗೆಯಬೇಕು. 2020ರಲ್ಲಿ ಪತ್ರಿಕೆಯವರು ಮುತ್ತಿದಾಗ ಗೌಡರು ಹೇಳಿದ್ದೂ ಇದನ್ನೇ. ಟ್ರ್ಯಾಕಿನವರದು ಬೆರಳಿನ ಓಟ, ತಮ್ಮದು ಹಿಮ್ಮಡಿಯ ಓಟ, ಕೋಣಗಳ ಪಾಲೂ ಅದರಲ್ಲಿದೆ ಎಂದು. ತನ್ನನ್ನು ಬೋಲ್ಟ್‌ಗೆ ಹೋಲಿಸಿದಾಗ ದೇಶವೇ ಕುಣಿಯಿತು, ಕುಣಿಯದೆ ಉಳಿದವರು ಅವರೊಬ್ಬರೇ ಇರಬೇಕು.

ಕಮ್ಮಾರ, ಕಬ್ಬು ಕಡಿಯುವವ, ಸೈಕಲ್ ಕಳಕೊಂಡ ಹುಡುಗ

ಪುಸ್ತಕ ತಪ್ಪು ಎನ್ನುವುದನ್ನೇ ಮಾಡಿ ಗೆದ್ದವರ ದೊಡ್ಡ ಸಂತೆ ಎಂದರೆ ಬಾಕ್ಸಿಂಗ್. ಅಲ್ಲಿಯ ಕೆಲವರ ಕತೆ ಕೇಳಿದರೆ ನಮ್ಮ ಕರೆಯಲ್ಲಿ ನಡೆಯುವುದು ಅಷ್ಟೇನೂ ವಿಚಿತ್ರವಲ್ಲ ಎನಿಸುತ್ತದೆ.

ಬಾಬ್ ಫಿಟ್ಸಿಮನ್ಸ್ ಎಂಬವನಿದ್ದ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಜಿಲೆಂಡಿನ ತಿಮಾರು ಎಂಬ ಊರಲ್ಲಿ ಬೆಳೆದವ. ಅಪ್ಪನ ಕುಲುಮೆಯಲ್ಲಿ ಕಬ್ಬಿಣ ಬಡಿಯುತ್ತಿದ್ದ. ಸುತ್ತಿಗೆ ಎತ್ತಿ ಎತ್ತಿ ಭುಜ, ಬೆನ್ನು ಗೂಳಿಯದ್ದಾಗಿತ್ತು. ಕಾಲು ಮಾತ್ರ ಕಡ್ಡಿ. ನೋಡಿದವರು ನಗುತ್ತಿದ್ದರಂತೆ. ಅವನೆದುರು 1897ರ ಮಾರ್ಚ್ 17ರಂದು ಅಮೆರಿಕದ ಕಾರ್ಸನ್ ಸಿಟಿಯಲ್ಲಿ ನಿಂತವ ಜೇಮ್ಸ್ ಕಾರ್ಬೆಟ್. ಅವ ಶಾಸ್ತ್ರೀಯ ಬಾಕ್ಸರ್, ಹೆವಿವೇಟ್ ಚಾಂಪಿಯನ್, ಬ್ಯಾಂಕ್ ಗುಮಾಸ್ತನಾಗಿದ್ದವ, ಮುಟ್ಟಿದರೆ ಮಾಸುವಂಥ ಜಂಟಲ್‌ಮ್ಯಾನ್. ಹದಿಮೂರು ಸುತ್ತು ಹೊಡೆತ ತಿಂದ ಕಮ್ಮಾರ ಹದಿನಾಲ್ಕನೆಯದರಲ್ಲಿ ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲ್ತುದಿಗೆ ಎಡಗೈಯಿಂದ ಒಂದು ಇಟ್ಟ. ಕಾರ್ಬೆಟ್‌ಗೆ ಉಸಿರು ಸಿಗಲಿಲ್ಲ. ಎದ್ದು ನಿಲ್ಲುವಷ್ಟರಲ್ಲಿ ಹತ್ತು ಎಣಿಸಿ ಆಗಿತ್ತು. ಕಡ್ಡಿಕಾಲಿನವ ಮುಂದೆ ಮೂರು ತೂಕಗಳಲ್ಲಿ ಪಟ್ಟ ಗೆದ್ದವನೆಂದು ಹೆಸರಾದ.

ಇನ್ನೊಬ್ಬ ಕ್ಯೂಬಾದ ಕಿಡ್ ಗವಿಲಾನ್. 1951ರಿಂದ 1954ರವರೆಗೆ ವೆಲ್ಟರ್‌ವೇಟ್ ಚಾಂಪಿಯನ್. ಅವನ ಬಲಗೈ ಕೆಳಗಿಂದ ಅರ್ಧ ಚಕ್ರದಂತೆ ಬೀಸಿ ಬರುತ್ತಿತ್ತು. ಬಾಕ್ಸಿಂಗ್ ಶಾಲೆಯಲ್ಲಿ ಇಂಥ ಏಟು ಹಾಕಿದರೆ ಬೈಗುಳ ಗ್ಯಾರಂಟಿ. ಕೈ ಇಷ್ಟು ದೂರದಿಂದ ಬಂದರೆ ಎದುರಾಳಿಗೆ ಚಹಾ ಕುಡಿದು ಬರುವಷ್ಟು ಹೊತ್ತು ಇರುತ್ತದೆ ಎಂದು. ಆದರೆ ಗವಿಲಾನ್ ಎಳೆಯದರಲ್ಲಿ ಕಬ್ಬಿನ ಗದ್ದೆಯಲ್ಲಿ ಕತ್ತಿ ಬೀಸಿದವ. ಆ ಬೀಸೇ ಮುಷ್ಟಿಗೆ ಬಂತೆಂದು ಅವನೇ ಹೇಳಿಕೊಳ್ಳುತ್ತಿದ್ದ. ಅದಕ್ಕೆ "ಬೋಲೋ ಪಂಚ್" ಎಂಬ ಹೆಸರು. ಬೋಲೋ ಎಂದರೆ ಫಿಲಿಪ್ಪೀನ್ಸ್ ದೇಶದ ಗದ್ದೆ ಕತ್ತಿ. ಇವನಿಗಿಂತ ಮೊದಲೇ ಅಲ್ಲಿಯ ಸೆಫೆರಿನೋ ಗಾರ್ಸಿಯಾ ಇದೇ ಏಟಿಗೆ ಹೆಸರಾಗಿದ್ದ, 1939ರಲ್ಲಿ ಮಿಡ್ಲ್‌ವೇಟ್ ಪಟ್ಟವನ್ನೂ ಗೆದ್ದಿದ್ದ. ಎರಡು ಸಮುದ್ರದಾಚೆಯ ಇಬ್ಬರಿಗೂ ಪಾಠ ಹೇಳಿದ್ದು ಒಂದೇ, ಬೆಳೆ ಕಡಿಯುವ ಕತ್ತಿ.

ಮಹಮದ್ ಅಲಿಯ ಹೆಸರು ಎಲ್ಲರಿಗೂ ಗೊತ್ತು. ಹನ್ನೆರಡರ ವಯಸ್ಸಿನಲ್ಲಿ ಸೈಕಲ್ ಕಳವಾಗಿ, ಕಳ್ಳನಿಗೆ ಹೊಡೆಯುತ್ತೇನೆ ಎಂದು ಹಾರಾಡಿದ. ಅಲ್ಲಿದ್ದ ಪೊಲೀಸಿನವ ಜೋ ಮಾರ್ಟಿನ್, ಮೊದಲು ಹೊಡೆಯಲು ಕಲಿ ಎಂದು ಜಿಮ್ಮಿಗೆ ಕರೆದ. ಆದ್ದರಿಂದ ಅವನಿಗೆ ಗುರು ಇರಲಿಲ್ಲ ಎನ್ನುವಂತಿಲ್ಲ. ಆದರೆ ಕೈ ಕೆಳಗಿಟ್ಟು ನಿಲ್ಲುವುದು, ಏಟು ಬಂದಾಗ ಪಕ್ಕಕ್ಕೆ ತಲೆ ತಗ್ಗಿಸದೆ ನೆಟ್ಟಗೆ ಹಿಂದಕ್ಕೆ ವಾಲುವುದು, ಇದನ್ನು ಯಾವ ಗುರುವೂ ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಗುರುವಿನ ಕೆಲಸ ಹೋಗುತ್ತದೆ. ಬಲ್ಲವರೆಲ್ಲ ಈ ಹುಡುಗ ಒಂದು ದಿನ ಮಲಗುತ್ತಾನೆ ಎಂದರು. 1964ರ ಫೆಬ್ರವರಿಯಲ್ಲಿ ಮಲಗಿದ್ದು ಅವನಲ್ಲ, ಸೋನಿ ಲಿಸ್ಟನ್ ಸ್ಟೂಲಿನಿಂದ ಏಳಲಿಲ್ಲ. ಅಲಿಯ ತರಬೇತುದಾರ ಏಂಜೆಲೋ ಡಂಡಿಯ ದೊಡ್ಡತನ ಇದ್ದುದೇ ಇಲ್ಲಿ. ಆತ ಹುಡುಗನ ತಪ್ಪನ್ನು ತಿದ್ದಲು ಹೋಗಲಿಲ್ಲ.

ಗೆದ್ದವರ ಕತೆಯನ್ನಷ್ಟೇ ಹೇಳಿದರೆ ಮೋಸವಾದೀತು. ಇಂಗ್ಲೆಂಡಿನ ನಸೀಮ್ ಹಮೀದ್ ಕೈ ಜೋತುಬಿಟ್ಟು, ಸರ್ಕಸ್ಸಿನವನಂತೆ ಬಳುಕಿ, ಸಾಲಾಗಿ 35 ಪಂದ್ಯ ಗೆದ್ದ. 2001ರಲ್ಲಿ ಮೆಕ್ಸಿಕೋದ ಮಾರ್ಕೋ ಆಂಟೋನಿಯೋ ಬರೇರಾ ಎಂಬ ಅಚ್ಚುಕಟ್ಟಿನ ಬಾಕ್ಸರ್ ಹನ್ನೆರಡು ಸುತ್ತು ತಾಳ್ಮೆಯಿಂದ ನಿಂತು ಅವನ ಬಳುಕನ್ನೆಲ್ಲ ಬಿಡಿಸಿದ. ಕಣ್ಣು ಮತ್ತು ಕಾಲು ಚುರುಕಿರುವವರೆಗೆ ತಪ್ಪೂ ಸರಿ. ವಯಸ್ಸು ಆದಾಗ ಪುಸ್ತಕ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಸೊರಗಿದ ಕೈಯ ಚಮತ್ಕಾರ

ಕರ್ನಾಟಕದಲ್ಲೇ ಬೇಕೆಂದರೆ ಬಿ.ಎಸ್. ಚಂದ್ರಶೇಖರ್ ಇದ್ದಾರೆ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲಿ ಪೋಲಿಯೋ ತಗಲಿ ಬಲಗೈ ಸೊರಗಿತು. ಚೆಂಡು ಎಸೆಯುವುದಿದ್ದರೆ ಎಡಗೈ, ಬೌಲಿಂಗ್ ಮಾತ್ರ ಅದೇ ಸೊರಗಿದ ಬಲಗೈ! ಸ್ಪಿನ್ನರ್ ಎಂದರೆ ನಿಧಾನ ಹಾಕಬೇಕು ಎಂಬುದು ರೂಢಿ. ಇವರದು ಓಡಿಬಂದು ಮಧ್ಯಮ ವೇಗದವರ ಹಾಗೆ ಹಾಕುವ ಗೂಗ್ಲಿ. ಚೆಂಡು ಎತ್ತ ತಿರುಗುತ್ತದೆಂದು ಬ್ಯಾಟ್ಸ್‌ಮನ್ನಿಗೆ ಗೊತ್ತಾಗುತ್ತಿರಲಿಲ್ಲ. 1971ರಲ್ಲಿ ಲಂಡನ್ನಿನ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಒಟ್ಟು 58 ಟೆಸ್ಟು, 242 ವಿಕೆಟ್. ಬ್ಯಾಟಿನಲ್ಲಿ ಗಳಿಸಿದ್ದು 167 ರನ್. ವಿಕೆಟಿಗಿಂತ ರನ್ ಕಡಿಮೆ! ಒಳ್ಳೆಯ ಕೋಚ್ ಒಬ್ಬ ಮೊದಲೇ ಸಿಕ್ಕಿ, ಈ ಕೈಯಲ್ಲಿ ಆಗುವುದಿಲ್ಲ ಎಂದಿದ್ದರೆ?

ಬೆಂಗಳೂರಿನ ಕರೆ

ಕೋಚ್ ಸಿಗುವ ಪ್ರಶ್ನೆ ಶ್ರೀನಿವಾಸ ಗೌಡರಿಗೂ ಬಂತು. ಐಕಳದ ಸುದ್ದಿ ಹಬ್ಬಿದ ಮೇಲೆ ಕೇಂದ್ರದ ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು, ಈ ಓಟಗಾರನನ್ನು ಕ್ರೀಡಾ ಪ್ರಾಧಿಕಾರದ ಉನ್ನತ ಕೋಚ್‌ಗಳ ಮುಂದೆ ಓಡಿಸಿ ನೋಡುತ್ತೇವೆ ಎಂದು ಘೋಷಿಸಿದರು. ಬೆಂಗಳೂರಿನಲ್ಲಿ ಟ್ರಯಲ್ಸ್ ಎಂದಾಯಿತು. ಗೌಡರು ಒಲ್ಲೆ ಎಂದರು. ಕಂಬಳದ ಋತು ನಡೆಯುತ್ತಿದೆ, ಗಮನ ಅಲ್ಲಿಯೇ ಎಂದರು.

ದೇಶದ ಅರ್ಧ ಜನ ಬೇಸರ ಮಾಡಿಕೊಂಡರು. ಒಲಿಂಪಿಕ್ಸಿಗೆ ಹೋಗುವ ಅವಕಾಶವನ್ನು ಕೆಸರಿಗೆ ಹಾಕಿದ ಎಂದರು. ಇಲ್ಲಿಯವರು ಮಾತ್ರ ಅಷ್ಟು ಬೇಸರ ಮಾಡಲಿಲ್ಲ. ಯಾಕೆಂದರೆ ಲೆಕ್ಕ ಇಲ್ಲಿಯವರಿಗೆ ಗೊತ್ತು. 28 ಎಂದರೆ ಓಟಗಾರನಿಗೆ ಎಳೆಯ ಪ್ರಾಯವಲ್ಲ. ಹಿಮ್ಮಡಿಯಲ್ಲಿ ಪಳಗಿದ ಕಾಲನ್ನು ಬೆರಳಿಗೆ ತಿರುಗಿಸಬೇಕು. ಹಗ್ಗ ಹಿಡಿದ ಕೈಯನ್ನು ಬೀಸಲು ಕಲಿಸಬೇಕು. ಹಿಂದಕ್ಕೆ ವಾಲಿದ ಮೈಯನ್ನು ಮುಂದಕ್ಕೆ ಬಗ್ಗಿಸಬೇಕು. ಅಷ್ಟರಲ್ಲಿ ಎರಡು ಕಂಬಳದ ಋತು ಹೋಗುತ್ತದೆ, ನವೆಂಬರಿನಿಂದ ಮಾರ್ಚಿನವರೆಗಿನ ಗಳಿಕೆ ಹೋಗುತ್ತದೆ. ಟ್ರಯಲ್ಸಿನಲ್ಲಿ ಕೋಣ ಇಲ್ಲದೆ ನೂರು ಮೀಟರಿಗೆ ಹನ್ನೊಂದು ಚಿಲ್ಲರೆ ಬಂದರೆ, ಹೊಗಳಿದವರೇ ಮರುದಿನ ನಗುತ್ತಾರೆ. ಯಾವ ಪಂದ್ಯ ತನ್ನದಲ್ಲ ಎಂದು ತಿಳಿಯುವುದೂ ಒಂದು ಬುದ್ಧಿ. ಇದನ್ನು ಹೆದರಿಕೆ ಎನ್ನುವವರು ಅನ್ನಲಿ.

ಆಚೆಗೆ ಹೋದವರೂ ಎಲ್ಲರೂ ಸುಖವಾಗಿಲ್ಲ. ಪಂಜಾಬಿನ ಹಳ್ಳಿಯ ಕೌರ್ ಸಿಂಗ್ ಸೈನ್ಯಕ್ಕೆ ಸೇರಿದ ಮೇಲೆ ಬಾಕ್ಸಿಂಗ್ ಹಿಡಿದವರು. 1980ರಲ್ಲಿ ದೆಹಲಿಯಲ್ಲಿ ಅದೇ ಮಹಮದ್ ಅಲಿಯ ಎದುರು ಪ್ರದರ್ಶನ ಪಂದ್ಯ ಆಡಿದರು. 1982ರ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದರು, ಪದ್ಮಶ್ರೀ ಬಂತು. 2017ರಲ್ಲಿ ಅವರ ಹೆಸರು ಮತ್ತೆ ಪೇಪರಿನಲ್ಲಿ ಬಂದದ್ದು ಹೃದಯದ ಚಿಕಿತ್ಸೆಗೆ ಸಾಲ ಮಾಡಿದ್ದಾರೆಂಬ ಸುದ್ದಿಯಾಗಿ. ಸುದ್ದಿಯಾದ ಮೇಲೆ ಸಹಾಯ ಬಂತು. 2023ರಲ್ಲಿ ತೀರಿಕೊಂಡರು.

ಗದ್ದೆಯ ಶಾಲೆ ಮುಚ್ಚಿದ ಮೇಲೆ

ಕಂಬಳದ ಓಟಗಾರನಿಗೆ ನಿಜವಾದ ಆತಂಕ ಬೆಂಗಳೂರಿನ ಟ್ರಯಲ್ಸ್ ಅಲ್ಲ. ಕರೆಯೇ ಇಲ್ಲದಾದರೆ ಎನ್ನುವುದು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಕಂಬಳಕ್ಕೂ ತಗಲಿತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆ ಬಂದು ಆ ಋತುವೇ ಬರಿದಾಯಿತು. 2017ರ ಜನವರಿಯಲ್ಲಿ ಮೂಡಬಿದ್ರೆಯಲ್ಲಿ ಕೋಣಗಳ ಸಮೇತ ಜನ ಸೇರಿ ಪ್ರತಿಭಟಿಸಿದ್ದನ್ನು ಯಾರೂ ಮರೆತಿಲ್ಲ. ಫೆಬ್ರವರಿಯಲ್ಲಿ ವಿಧಾನಸಭೆ ಕಾಯ್ದೆಗೆ ತಿದ್ದುಪಡಿ ತಂದಿತು. ಅದು ಗಟ್ಟಿಯಾಗಿ ನಿಂತದ್ದು 2023ರ ಮೇ 18ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದಾಗ. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕರೆ ತೋಡಿ ಕಂಬಳ ಮಾಡಿ ಆಯಿತು. ಯಜಮಾನರಿಗೆ ಒಂದು ಋತು ಹೋದರೆ ಕೋಣದ ಖರ್ಚು. ಓಟಗಾರನಿಗೆ ಹೋಗುವುದು ಪ್ರಾಯ. ಹತ್ತು ಹನ್ನೆರಡು ವರ್ಷ ಓಡಬಲ್ಲ ಕಾಲಿಗೆ ಒಂದು ವರ್ಷ ಎಂದರೆ ಸಣ್ಣ ಬಾಬತ್ತಲ್ಲ.

ಕೋರ್ಟಿನ ಗಲಾಟೆಯಲ್ಲಿ ಕಾಣದೆ ಹೋದ ಇನ್ನೊಂದು ಸಂಗತಿ ಇದೆ. ಹಿಂದೆ ಈ ಓಟ ಕಲಿಯಲು ಶಾಲೆ ಬೇಕಿರಲಿಲ್ಲ. ಮಳೆಗಾಲದಲ್ಲಿ ಗದ್ದೆ ಉಳುವಾಗ ಕೋಣದ ಹಿಂದೆ ನಡೆದವನಿಗೆ ಕೆಸರಿನಲ್ಲಿ ಕಾಲಿಡುವುದು ತನ್ನಿಂದ ತಾನೇ ಬರುತ್ತಿತ್ತು. ಕೋಣವನ್ನು ಕೆರೆಗೆ ಹೊಡೆದು, ಮೈ ತಿಕ್ಕಿ, ಎಣ್ಣೆ ಹಚ್ಚಿ, ಹುರುಳಿ ಬೇಯಿಸಿ ಕೊಟ್ಟವನಿಗೆ ಅದರ ಕಿವಿ ಅಲುಗಿದರೆ ಸಾಕು, ಮುಂದೇನು ಎಂದು ಗೊತ್ತಾಗುತ್ತಿತ್ತು. ಈಗ ಗದ್ದೆಗೆ ಟಿಲ್ಲರ್ ಬಂತು. ಎಷ್ಟೋ ಗದ್ದೆಗೆ ಅಡಿಕೆ, ರಬ್ಬರ್ ಬಂತು. ಓಟದ ಕೋಣ ಉಳುವುದಿಲ್ಲ, ಉಳುವ ಕೋಣ ಇಲ್ಲವೇ ಇಲ್ಲ. ಕಬ್ಬು ಕಡಿಯದ ಊರಿನಲ್ಲಿ ಗವಿಲಾನ್ ಹುಟ್ಟುವುದು ಹೇಗೆ?

ಇದನ್ನು ಮೊದಲೇ ಕಂಡವರು ಗುಣಪಾಲ ಕಡಂಬ. ಕಂಬಳ ಅಕಾಡೆಮಿ ಕಟ್ಟಿ 2011ರಲ್ಲಿ ಯುವಕರಿಗೆ ತರಬೇತಿ ಶಿಬಿರ ಶುರು ಮಾಡಿದರು. ಶ್ರೀನಿವಾಸ ಗೌಡರೂ ಆ ಮೊದಲ ತಂಡದವರೇ. ಹಾಗಾಗಿ ಈ ಓಟ ಪೂರಾ ಗುರುವಿಲ್ಲದ ವಿದ್ಯೆ ಎನ್ನುವುದೂ ತಪ್ಪಾಗುತ್ತದೆ. ಹಿರಿಯ ಓಟಗಾರರು, ಕೋಣ ಬಿಡುವವರು, ಯಜಮಾನರು ಎಲ್ಲರೂ ಅಷ್ಟಷ್ಟು ಗುರುಗಳೇ. ಹಗ್ಗ ಹೇಗೆ ಹಿಡಿಯಬೇಕು ಎಂದು ಶಿಬಿರದಲ್ಲಿ ತೋರಿಸಬಹುದು, ಓಡಿಸಿ ದಮ್ಮು ಹೆಚ್ಚಿಸಬಹುದು. ಗಂತಿನಲ್ಲಿ ಕೋಣ ಹಾರಿದ ಆ ಒಂದು ಕ್ಷಣದಲ್ಲಿ ಹಿಮ್ಮಡಿ ಎಲ್ಲಿ ಬೀಳಬೇಕು ಎಂಬುದನ್ನು ಕಾಲೇ ಹುಡುಕಿಕೊಳ್ಳಬೇಕು. ಒಬ್ಬರ ಹಾಗೆ ಇನ್ನೊಬ್ಬರು ಓಡುವುದಿಲ್ಲ. ಹಗ್ಗದವರಿಗೂ ನೇಗಿಲಿನವರಿಗೂ ಓಟವೇ ಬೇರೆ. ಕನೆಹಲಗೆಯವರದ್ದಂತೂ ಓಟವೇ ಅಲ್ಲ, ಹಲಗೆಯ ಮೇಲೆ ನಿಂತು ನೀರನ್ನು ನಿಶಾನೆಗೆ ಹಾರಿಸುವ ಕಸುಬು. ಕರೆಯ ಬದಿಯಲ್ಲಿ ನಿಂತ ಹಳಬರು ಮುಖಕ್ಕೆ ಕೆಸರು ಮೆತ್ತಿದ್ದರೂ ಓಟದ ಧಾಟಿ ನೋಡಿಯೇ ಯಾರೆಂದು ಹೇಳುತ್ತಾರೆ.

ವೇಣೂರಿನಲ್ಲಿ ನಿಶಾಂತ್ ಶೆಟ್ಟರ ಓಟವಾದ ಮರುದಿನ, ಫೆಬ್ರವರಿ 17ರಂದು, ಶ್ರೀನಿವಾಸ ಗೌಡರು ಬೆಂಗಳೂರಿನಲ್ಲಿದ್ದರು. ಟ್ರಯಲ್ಸಿಗಲ್ಲ, ಸನ್ಮಾನಕ್ಕೆ. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಶಾಲು ಹೊದೆಸಿ ಮೂರು ಲಕ್ಷ ರೂಪಾಯಿಯ ಚೆಕ್ ಕೊಟ್ಟರು. ಋತು ಇನ್ನೂ ಮುಗಿದಿರಲಿಲ್ಲ. ಊರಿಗೆ ಬಂದರು, ಮತ್ತೆ ಕೋಣಗಳ ಹಿಂದೆ ನಿಂತರು.